ಗಣನ ಜಾಲರಿಗಳಲ್ಲಿ ಆವರ್ತಕ ಗಡಿ

ಆವರ್ತಕ ಗಡಿ ಎಂದರೆ ಗಣಕಯಂತ್ರದ ನೆರವಿನಿಂದ ನಡೆಸುವ ಸಂಖ್ಯಾತ್ಮಕ ಅನುಕರಣೆಯಲ್ಲಿ, ಲೆಕ್ಕಕ್ಕೆ ಆಯ್ದುಕೊಂಡ ಪ್ರದೇಶದ ಒಂದು ಅಂಚನ್ನು ಅದರ ಎದುರಿನ ಅಂಚಿನೊಡನೆ ಬೆಸೆದು, ಎರಡೂ ಒಂದೇ ಎಂಬಂತೆ ನಡೆಸಿಕೊಳ್ಳುವ ಏರ್ಪಾಡು. ಒಂದು ಅಂಚಿನಿಂದ ಹೊರಹೋದ ಗಾಳಿ, ನೀರು, ಶಾಖ ಅಥವಾ ಅಣು ಅದೇ ಕ್ಷಣದಲ್ಲಿ ಎದುರಂಚಿನಿಂದ ಒಳಬರುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಪೀರಿಯಾಡಿಕ್ ಬೌಂಡರಿ ಅಥವಾ ಸೈಕ್ಲಿಕ್ ಬೌಂಡರಿ ಎಂದು ಕರೆಯುತ್ತಾರೆ. ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವ ದೊಡ್ಡ ವ್ಯವಸ್ಥೆಯ ಒಂದು ತುಣುಕನ್ನು ಮಾತ್ರ ಲೆಕ್ಕ ಹಾಕಿ ಇಡೀ ವ್ಯವಸ್ಥೆಯ ನಡವಳಿಕೆಯನ್ನು ತಿಳಿಯುವುದು ಇದರ ಉದ್ದೇಶ. ಹವಾಮಾನ ಮುನ್ಸೂಚನೆ, ಟರ್ಬೈನುಗಳ ವಿನ್ಯಾಸ, ಪ್ರಕ್ಷುಬ್ಧ ಹರಿವಿನ ಅಧ್ಯಯನ, ಸ್ಫಟಿಕಶಾಸ್ತ್ರ ಮತ್ತು ಔಷಧ ಸಂಶೋಧನೆಯ ಅಣುಚಲನ ಲೆಕ್ಕಗಳಲ್ಲಿ ಇದು ಬಳಕೆಯಲ್ಲಿದೆ.

ಹಿನ್ನೆಲೆ

ಗಾಳಿಯ ಚಲನೆ, ಶಾಖದ ಹರಡುವಿಕೆ ಮುಂತಾದವನ್ನು ಆಳುವ ಸಮೀಕರಣಗಳನ್ನು ಕಾಗದದ ಮೇಲೆ ಪೂರ್ಣವಾಗಿ ಬಿಡಿಸುವುದು ಬಹುತೇಕ ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಆದ್ದರಿಂದ ಪ್ರದೇಶವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದು ಕೋಶದಲ್ಲೂ ಉಷ್ಣತೆ, ಒತ್ತಡ, ವೇಗ ಮೊದಲಾದವುಗಳ ಬೆಲೆಯನ್ನು ಗಣಕವು ಹಂತಹಂತವಾಗಿ ಕಂಡುಹಿಡಿಯುತ್ತದೆ. ಈ ಕೋಶಗಳ ಸಮೂಹಕ್ಕೆ ಜಾಲರಿ ಅಥವಾ ಮೆಶ್ ಎಂದು ಹೆಸರು. ಗೆರೆಗಳು ಕೂಡುವ ಬಿಂದುಗಳನ್ನು ಗಂಟುಗಳೆಂದೂ ಎರಡು ಕೋಶಗಳ ನಡುವಿನ ಗೋಡೆಯನ್ನು ಮುಖವೆಂದೂ ಕರೆಯುತ್ತಾರೆ. ಒಂದು ಕೋಶದ ಮುಂದಿನ ಸ್ಥಿತಿಯು ಅದರ ನೆರೆಕೋಶಗಳ ಇಂದಿನ ಸ್ಥಿತಿಯನ್ನು ಅವಲಂಬಿಸಿರುತ್ತದೆ.

ಅಂಚಿನ ಕೋಶಗಳಿಗೆ ಒಂದು ಬದಿಯಲ್ಲಿ ನೆರೆಯೇ ಇರುವುದಿಲ್ಲ. ಅಲ್ಲಿ ಏನಾಗಬೇಕು ಎಂಬುದನ್ನು ಲೆಕ್ಕ ಮಾಡುವವರೇ ಹೇಳಿಕೊಡಬೇಕಾಗುತ್ತದೆ. ಗಟ್ಟಿ ಗೋಡೆ ಇದೆ, ಇಂತಿಷ್ಟು ವೇಗದ ಗಾಳಿ ಒಳಬರುತ್ತಿದೆ, ಇಂತಿಷ್ಟು ಉಷ್ಣತೆ ಇದೆ ಎಂಬ ಇಂಥ ಹೇಳಿಕೆಗಳೇ ಗಡಿ ನಿಯಮಗಳು. ಆವರ್ತಕ ಗಡಿಯು ಇವೆಲ್ಲಕ್ಕಿಂತ ಭಿನ್ನ. ಅಲ್ಲಿ ಹೊರಗಿನಿಂದ ಯಾವ ಬೆಲೆಯನ್ನೂ ಹೇರುವುದಿಲ್ಲ. ಎಡ ಅಂಚಿನ ನೆರೆ ಬಲ ಅಂಚು ಎಂದಷ್ಟೇ ಹೇಳಲಾಗುತ್ತದೆ.

ಈ ಕಲ್ಪನೆ ಕನ್ನಡಿಗರ ನಿತ್ಯಜೀವನಕ್ಕೆ ಹೊಸದಲ್ಲ. ಆದಿತಾಳದಲ್ಲಿ ಎಂಟನೆಯ ಅಕ್ಷರ ಮುಗಿದೊಡನೆ ಮೊದಲನೆಯದು ಬರುತ್ತದೆ, ಒಂಬತ್ತನೆಯದೆಂಬುದಿಲ್ಲ. ಅರುವತ್ತು ಸಂವತ್ಸರಗಳಲ್ಲಿ ಅಕ್ಷಯದ ನಂತರ ಪ್ರಭವವೇ ಬರುತ್ತದೆ. ಇಳಕಲ್ ಸೀರೆಯ ಅಂಚಿನಲ್ಲಿ ಒಂದೇ ವಿನ್ಯಾಸ ಉದ್ದಕ್ಕೂ ಮರುಕಳಿಸುವುದರಿಂದ, ಒಂದು ಘಟಕದ ಎಳೆಗಳ ಲೆಕ್ಕ ತಿಳಿದ ನೇಕಾರನಿಗೆ ಇಡೀ ಅಂಚಿನ ಲೆಕ್ಕ ತಿಳಿದಂತೆ. ಆದರೆ ಒಂದು ಘಟಕದ ಕೊನೆಯ ಎಳೆಯು ಮುಂದಿನದರ ಮೊದಲ ಎಳೆಗೆ ಸರಿಯಾಗಿ ಹೊಂದದಿದ್ದರೆ ಆ ತಪ್ಪು ಸೀರೆಯ ಉದ್ದಕ್ಕೂ ಮರುಕಳಿಸುತ್ತದೆ. ಜಾಲರಿಯ ವಿಷಯದಲ್ಲೂ ಹೀಗೆಯೇ.

ಇತಿಹಾಸ

1912ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಥಿಯೊಡೋರ್ ಫಾನ್ ಕಾರ್ಮನ್ ಸ್ಫಟಿಕದಲ್ಲಿನ ಪರಮಾಣುಗಳ ಕಂಪನವನ್ನು ವಿವೇಚಿಸುವಾಗ, ಪರಮಾಣುಗಳ ಸಾಲಿನ ಕೊನೆಯನ್ನು ಮೊದಲಿಗೆ ಜೋಡಿಸಿ ಬಳೆಯಾಗಿ ಭಾವಿಸಿದರು. ಘನವಸ್ತುಗಳ ಭೌತಶಾಸ್ತ್ರದಲ್ಲಿ ಈ ನಿಯಮವು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಇದೆ.

ಗಣಕಯಂತ್ರದ ಕಾಲದಲ್ಲಿ ಇದರ ಉಪಯೋಗ ಬೇಗನೆ ಕಂಡುಬಂದಿತು. 1953ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಮೆಟ್ರೊಪೊಲಿಸ್ ಮತ್ತು ಸಂಗಡಿಗರು ಮೇನಿಯಾಕ್ ಯಂತ್ರದಲ್ಲಿ 224 ಕಣಗಳ ವ್ಯವಸ್ಥೆಯೊಂದನ್ನು ಆವರ್ತಕ ಗಡಿಗಳೊಡನೆ ಲೆಕ್ಕ ಹಾಕಿದರು. ಅಷ್ಟು ಕಡಿಮೆ ಕಣಗಳನ್ನು ಗೋಡೆಯುಳ್ಳ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅವುಗಳಲ್ಲಿ ಹೆಚ್ಚಿನ ಪಾಲು ಗೋಡೆಗೆ ಸಮೀಪವಿದ್ದು, ದ್ರವದ ಒಳಭಾಗದ ಗುಣವೇ ತಿಳಿಯುತ್ತಿರಲಿಲ್ಲ.

1972ರಲ್ಲಿ ಸ್ಟೀವನ್ ಓರ್ಸ್ಝಾಗ್ ಮತ್ತು ಪ್ಯಾಟರ್ಸನ್ ಪ್ರತಿ ದಿಕ್ಕಿಗೆ 32 ಬಿಂದುಗಳಿದ್ದ, ಮೂರು ದಿಕ್ಕುಗಳಲ್ಲೂ ಆವರ್ತಕವಾದ ಘನಾಕೃತಿಯಲ್ಲಿ ಪ್ರಕ್ಷುಬ್ಧ ಹರಿವನ್ನು ಅನುಕರಿಸಿದರು. 1987ರಲ್ಲಿ ಜಾನ್ ಕಿಮ್, ಪರ್ವೀಜ್ ಮೊಯಿನ್ ಮತ್ತು ರಾಬರ್ಟ್ ಮೋಸರ್ ಎರಡು ಸಮಾಂತರ ಗೋಡೆಗಳ ನಡುವಣ ಹರಿವನ್ನು ಸುಮಾರು 40 ಲಕ್ಷ ಬಿಂದುಗಳಲ್ಲಿ ಲೆಕ್ಕ ಹಾಕಿದರು. ಅಲ್ಲಿ ಗೋಡೆಗೆ ಲಂಬವಾದ ದಿಕ್ಕನ್ನು ಬಿಟ್ಟು ಉಳಿದ ಎರಡು ದಿಕ್ಕುಗಳು ಆವರ್ತಕ. 2002ರಲ್ಲಿ ಜಪಾನಿನ ಅರ್ತ್ ಸಿಮ್ಯುಲೇಟರ್ ಯಂತ್ರದಲ್ಲಿ ಕನೆಡ ಮತ್ತು ಸಂಗಡಿಗರು ಪ್ರತಿ ದಿಕ್ಕಿಗೆ 4096 ಬಿಂದುಗಳ, ಅಂದರೆ ಒಟ್ಟು ಸುಮಾರು 6,871 ಕೋಟಿ ಬಿಂದುಗಳ ಆವರ್ತಕ ಘನವನ್ನು ಬಳಸಿದರು.

ಬಗೆಗಳು

ಸರಳ ಆವರ್ತನ: ಒಂದು ಅಂಚನ್ನು ನಿಶ್ಚಿತ ದೂರ ಸರಿಸಿದರೆ ಎದುರಂಚಿನ ಮೇಲೆ ಕೂರುತ್ತದೆ. ಉಷ್ಣತೆ, ಒತ್ತಡ, ವೇಗ ಎಲ್ಲವೂ ಯಾವ ಬದಲಾವಣೆಯೂ ಇಲ್ಲದೆ ದಾಟುತ್ತವೆ.

ಸುತ್ತು ಆವರ್ತನ: ಟರ್ಬೈನು, ಪಂಪು, ಫ್ಯಾನುಗಳಲ್ಲಿ ಒಂದೇ ಆಕಾರದ ಅಲಗುಗಳು ಚಕ್ರದ ಸುತ್ತ ಸಮಾಂತರದಲ್ಲಿರುತ್ತವೆ. 36 ಅಲಗುಗಳ ಚಕ್ರದಲ್ಲಿ 10 ಡಿಗ್ರಿಯ ಒಂದು ಹೋಳನ್ನು ಲೆಕ್ಕ ಹಾಕಿದರೆ ಸಾಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಷ್ಣತೆ ಮತ್ತು ಒತ್ತಡಗಳಿಗೆ ದಿಕ್ಕಿಲ್ಲ. ಅವು ಹಾಗೆಯೇ ದಾಟುತ್ತವೆ. ವೇಗಕ್ಕೆ ದಿಕ್ಕುಂಟು, ದಾಟುವಾಗ ಅದನ್ನೂ 10 ಡಿಗ್ರಿ ತಿರುಗಿಸಬೇಕು. ಒಂದು ಅಕ್ಷದ ಗುಂಟ ಸೆಕೆಂಡಿಗೆ 100 ಮೀಟರ್ ಇದ್ದ ವೇಗ, ಎದುರಂಚಿನಲ್ಲಿ ಆ ಅಕ್ಷದ ಗುಂಟ 98.5 ಮೀಟರ್ ಮತ್ತು ಅದಕ್ಕೆ ಅಡ್ಡವಾಗಿ 17.4 ಮೀಟರ್ ಆಗುತ್ತದೆ. ತಿರುಗಿಸಲು ಮರೆತರೆ, ಅಲ್ಲಿ ಸೆಕೆಂಡಿಗೆ 17 ಮೀಟರಿನಷ್ಟು ಸುಳ್ಳು ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ಏರಿಳಿತದೊಡನೆ ಆವರ್ತನ: ಉದ್ದವಾದ ಕೊಳವೆಯಲ್ಲಿ ನೀರು ಹರಿಯಬೇಕಾದರೆ ಒತ್ತಡವು ಮುಂದೆ ಮುಂದೆ ಕಡಿಮೆಯಾಗುತ್ತ ಹೋಗಬೇಕು. ಒತ್ತಡವೂ ಎರಡೂ ತುದಿಗಳಲ್ಲಿ ಸಮವೆಂದರೆ ನೀರನ್ನು ತಳ್ಳುವ ಬಲವೇ ಇಲ್ಲದೆ ಹರಿವು ನಿಂತುಹೋಗುತ್ತದೆ. ಭಾರತೀಯ ಮೂಲದ ಸುಹಾಸ್ ಪಾಟಣಕರ್ ಅವರು ಲಿಯು ಮತ್ತು ಸ್ಪ್ಯಾರೋ ಅವರೊಡನೆ 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಪರಿಹಾರವಿದೆ. ಒತ್ತಡವನ್ನು ಎರಡು ಭಾಗ ಮಾಡಿ, ಒಂದೇ ಸಮನೆ ಇಳಿಯುವ ಭಾಗವನ್ನು ಹರಿವನ್ನು ತಳ್ಳುವ ಬಲವಾಗಿ ಸಮೀಕರಣದಲ್ಲಿ ಸೇರಿಸಿ, ಉಳಿದ ಭಾಗವನ್ನು ಮಾತ್ರ ಆವರ್ತಕವೆಂದು ಭಾವಿಸುವುದು ಅವರ ಕ್ರಮ.

ಹಂತವಿಳಂಬದ ಆವರ್ತನ: ಎದುರಂಚಿನಲ್ಲಿ ಅದೇ ಘಟನೆ ನಡೆಯುತ್ತದೆ, ಆದರೆ ತುಸು ತಡವಾಗಿ. ಟರ್ಬೈನ್ ಅಲಗುಗಳು ನಡುಗುವಾಗ ಪಕ್ಕಪಕ್ಕದ ಅಲಗುಗಳು ಒಟ್ಟಿಗೇ ಬಾಗಬೇಕೆಂಬ ನಿಯಮವಿಲ್ಲ. ಗಾಳಿಗೆ ತೊನೆಯುವ ಜೋಳದ ಹೊಲದಂತೆ ಅಲೆಯೊಂದು ಚಕ್ರದ ಸುತ್ತ ಓಡಬಹುದು. 36 ಅಲಗುಗಳಿದ್ದರೆ ಇಂಥ 36 ವಿನ್ಯಾಸಗಳು ಸಾಧ್ಯ. ಸರಳವಾದ ಸುತ್ತು ಆವರ್ತನವನ್ನು ಹೇರಿದ ಲೆಕ್ಕದಲ್ಲಿ ಎಲ್ಲ ಅಲಗುಗಳೂ ಒಟ್ಟಿಗೆ ಬಾಗುವ ಒಂದು ವಿನ್ಯಾಸ ಮಾತ್ರ ಕಾಣುತ್ತದೆ. ಅಲಗನ್ನು ಮುರಿಯಬಲ್ಲ ವಿನ್ಯಾಸವು ಉಳಿದ 35ರಲ್ಲಿ ಇದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಹಂತವಿಳಂಬವನ್ನು ಲೆಕ್ಕಕ್ಕೆ ತರುವುದು ಈ ಕಾರಣದಿಂದಲೇ.

ತಿರುಗುವ ಚಕ್ರದ ಮುಂದೆ ಸ್ಥಿರವಾದ ಅಲಗುಗಳ ಚಕ್ರವಿದ್ದಾಗ ಎರಡರ ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ನೋಡಬೇಕು. 36 ಮತ್ತು 50 ಅಲಗುಗಳಿದ್ದರೆ ಅದು 2. ಆಗ 18 ಮತ್ತು 25 ಅಲಗುಗಳ ಅರ್ಧಚಕ್ರವೇ ಅತಿ ಚಿಕ್ಕ ಹೋಳು. 36 ಮತ್ತು 49 ಇದ್ದರೆ ಅಪವರ್ತನ 1. ಇಡೀ ಚಕ್ರವನ್ನೇ ಲೆಕ್ಕ ಹಾಕಬೇಕು, ಇಲ್ಲವೇ ಹಂತವಿಳಂಬದ ಕ್ರಮವನ್ನು ಅನುಸರಿಸಬೇಕು.

ಜಾಲರಿಯಲ್ಲಿ ನಿರ್ವಹಣೆ

ಗಣಿತದ ದೃಷ್ಟಿಯಿಂದ ಎರಡು ಅಂಚುಗಳನ್ನು ಬೆಸೆಯುವುದು ಒಂದೇ ವಾಕ್ಯದ ಮಾತು. ಜಾಲರಿಯಲ್ಲಿ ಅದನ್ನು ನಡೆಸಿಕೊಡುವುದಕ್ಕೆ ಹಲವು ಹಂತಗಳಿವೆ.

ಅಂಚಿನ ಪ್ರತಿ ತೆಗೆಯುವುದು: ಒಂದು ಅಂಚಿನ ಮೇಲೆ ಮೊದಲು ಜಾಲರಿ ಹೆಣೆದು, ಅದನ್ನೇ ಸರಿಸಿ ಅಥವಾ ತಿರುಗಿಸಿ ಎದುರಂಚಿಗೆ ನಕಲು ಮಾಡಿ, ಆಮೇಲೆ ಒಳಭಾಗವನ್ನು ತುಂಬುವುದು ಉತ್ತಮ ಕ್ರಮ. ಎರಡು ಅಂಚುಗಳನ್ನೂ ಬೇರೆಬೇರೆಯಾಗಿ ಹೆಣೆದರೆ ಗಂಟುಗಳು ಒಂದಕ್ಕೊಂದು ಹೊಂದುತ್ತವೆಂಬ ಭರವಸೆ ಇರುವುದಿಲ್ಲ. ಮೂರು ಆಯಾಮದ ಜಾಲರಿಯಲ್ಲಿ ಗಂಟುಗಳು ಹೊಂದಿದರೂ ಸಾಲದು. ಚೌಕವೊಂದನ್ನು ಎರಡು ತ್ರಿಕೋನಗಳಾಗಿ ಒಡೆಯುವಾಗ ಒಂದು ಅಂಚಿನಲ್ಲಿ ಒಂದು ಕರ್ಣವನ್ನೂ ಎದುರಂಚಿನಲ್ಲಿ ಇನ್ನೊಂದು ಕರ್ಣವನ್ನೂ ಎಳೆದಿದ್ದರೆ, ನಾಲ್ಕು ಗಂಟುಗಳೂ ಹೊಂದಿರುತ್ತವೆ, ಮುಖಗಳು ಮಾತ್ರ ಹೊಂದಿರುವುದಿಲ್ಲ.

ಜೋಡಿ ಹುಡುಕುವುದು: ಒಂದು ಅಂಚಿನ ಪ್ರತಿ ಗಂಟನ್ನೂ ಎದುರಂಚಿಗೆ ಸರಿಸಿ, ಅಲ್ಲಿ ಅತಿ ಸಮೀಪದ ಗಂಟನ್ನು ಅದರ ಜೋಡಿ ಎಂದು ಗುರುತಿಸಲಾಗುತ್ತದೆ. ಗಣಕವು ದಶಮಾಂಶ ಸಂಖ್ಯೆಗಳನ್ನು ಮಿತವಾದ ಅಂಕೆಗಳಲ್ಲಿ ಇಟ್ಟುಕೊಳ್ಳುವುದರಿಂದ ಎರಡು ಸ್ಥಾನಗಳು ಕರಾರುವಾಕ್ಕಾಗಿ ಒಂದೇ ಆಗಿರುವುದು ಅಪರೂಪ. ಆದ್ದರಿಂದ ತುಸು ವ್ಯತ್ಯಾಸವನ್ನು ಒಪ್ಪಿಕೊಳ್ಳುವ ಸಹಿಷ್ಣುತಾ ಮಿತಿ ಬೇಕು. ಈ ಮಿತಿಯನ್ನು ಇಡೀ ಪ್ರದೇಶದ ಅಳತೆಗೆ ಹೋಲಿಸಿ ನಿಗದಿಪಡಿಸುವುದು ಅಪಾಯಕರ. ಗೋಡೆಯ ಬಳಿ ಕೋಶಗಳು ಬಹಳ ತೆಳ್ಳಗಿದ್ದರೆ ಒಂದೇ ಗಂಟಿಗೆ ಎರಡು ಜೋಡಿಗಳು ಸಿಕ್ಕಿಬಿಡುತ್ತವೆ. ಅತಿ ಚಿಕ್ಕ ಅಂಚುಗೆರೆಯ ಒಂದು ಸಣ್ಣ ಭಾಗವನ್ನು ಮಿತಿಯಾಗಿ ಇಟ್ಟುಕೊಳ್ಳುವುದು ವಾಡಿಕೆ. ಪ್ರತಿ ಗಂಟಿಗೂ ಒಂದೇ ಜೋಡಿ ಸಿಕ್ಕಿದೆ, ಯಾವುದೂ ಒಂಟಿಯಾಗಿ ಉಳಿದಿಲ್ಲ ಎಂಬುದನ್ನು ಈ ಹಂತದಲ್ಲೇ ಪರೀಕ್ಷಿಸಬೇಕು.

ಮೂಲೆಗಳು: ಆಯತಾಕಾರದ ಪ್ರದೇಶ ಎರಡೂ ದಿಕ್ಕುಗಳಲ್ಲಿ ಆವರ್ತಕವಾಗಿದ್ದರೆ ಅದರ ನಾಲ್ಕು ಮೂಲೆಗಳು ವಾಸ್ತವವಾಗಿ ಒಂದೇ ಬಿಂದು. ಘನಾಕೃತಿಯಲ್ಲಿ ಎಂಟು ಮೂಲೆಗಳೂ ಒಂದೇ ಬಿಂದು. ಎಡ-ಬಲ ಜೋಡಿಯನ್ನು ಒಮ್ಮೆ, ಮೇಲೆ-ಕೆಳಗೆ ಜೋಡಿಯನ್ನು ಇನ್ನೊಮ್ಮೆ ಬೆಸೆಯುವ ಕ್ರಮವಿಧಿಯು ಮೂಲೆಗಳನ್ನು ಎರಡೆರಡಾಗಿ ಮಾತ್ರ ಕೂಡಿಸಿ ನಿಲ್ಲಬಹುದು. ಜೋಡಿಯ ಜೋಡಿಯೂ ಜೋಡಿಯೇ ಎಂಬ ನಿಯಮವನ್ನು ಕೊನೆಯವರೆಗೆ ಅನ್ವಯಿಸಿ, ಒಂದು ಗುಂಪಿನ ಎಲ್ಲ ಗಂಟುಗಳಿಗೂ ಒಂದೇ ಸಂಖ್ಯೆ ಕೊಡಬೇಕು.

ಸಂಬಂಧ ಬೇರೆ, ಸ್ಥಾನ ಬೇರೆ: ಅನೇಕ ದೋಷಗಳ ಮೂಲ ಇಲ್ಲಿದೆ. ಬೆಸೆದ ಗಂಟುಗಳು ಒಂದೇ ಬಿಂದುವಾದರೂ ಅವುಗಳ ಸ್ಥಾನಗಳು ಎರಡಾಗಿಯೇ ಉಳಿಯಬೇಕು. 1 ಮೀಟರ್ ಉದ್ದದ ಸಾಲನ್ನು 10 ಕೋಶಗಳಾಗಿ ಮಾಡಿದರೆ ಮೊದಲ ಕೋಶದ ಕೇಂದ್ರ 0.05ರಲ್ಲಿಯೂ ಹತ್ತನೆಯದರ ಕೇಂದ್ರ 0.95ರಲ್ಲಿಯೂ ಇರುತ್ತದೆ. ಅವು ನೆರೆಹೊರೆಯವು ಎಂದು ಹೇಳಿ, ನಡುವಣ ದೂರವನ್ನು ನೇರವಾಗಿ ಕಳೆದು ನೋಡಿದರೆ 0.90 ಎಂಬ ಉತ್ತರ ಬರುತ್ತದೆ. ನಿಜವಾದ ದೂರ 0.10. ಹೀಗೆ ಲೆಕ್ಕ ಹಾಕಿದ ಉಷ್ಣತೆಯ ಇಳಿಜಾರು ಒಂಬತ್ತು ಪಟ್ಟು ಕಡಿಮೆಯಾಗುವುದಲ್ಲದೆ ಅದರ ದಿಕ್ಕೂ ತಲೆಕೆಳಗಾಗುತ್ತದೆ. ಗಂಟಿನ ಸ್ಥಾನವನ್ನೇ ಒಂದಾಗಿಸಿದರೆ ಕೊನೆಯ ಕೋಶವು ಇಡೀ ಪ್ರದೇಶದ ಉದ್ದಕ್ಕೂ ಹಿಂದಕ್ಕೆ ಎಳೆದುಕೊಂಡು ಅದರ ಗಾತ್ರ ಋಣಸಂಖ್ಯೆಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಪ್ರತಿ ಆವರ್ತಕ ಮುಖದ ಜೊತೆಗೆ ಎಷ್ಟು ದೂರ ಸರಿಸಬೇಕು, ಎಷ್ಟು ಕೋನ ತಿರುಗಿಸಬೇಕು ಎಂಬ ಮಾಹಿತಿಯನ್ನು ಬರೆದಿಟ್ಟುಕೊಳ್ಳುತ್ತಾರೆ.

ಛಾಯಾಕೋಶಗಳು: ಪ್ರದೇಶದ ಹೊರಗೆ ಒಂದೆರಡು ಸಾಲು ಹೆಚ್ಚುವರಿ ಕೋಶಗಳನ್ನಿಟ್ಟು, ಪ್ರತಿ ಹಂತದಲ್ಲೂ ಎದುರಂಚಿನ ಬೆಲೆಗಳನ್ನು ಅವುಗಳಿಗೆ ನಕಲು ಮಾಡುವುದು ಬಹು ಪ್ರಚಲಿತ ವಿಧಾನ. ಒಳಗಿನ ಕ್ರಮವಿಧಿಗೆ ಗಡಿ ಎಂಬುದೇ ತಿಳಿಯಬೇಕಾಗಿಲ್ಲ. ನಕಲು ಮಾಡುವುದು ಒಂದು ಹಂತದಷ್ಟು ತಡವಾದರೂ ಅಂಚಿನಲ್ಲಿ ಹಳೆಯ ಬೆಲೆ ಉಳಿದು ಲೆಕ್ಕ ಕೆಡುತ್ತದೆ.

ಮಿತಾಂಶ ವಿಧಾನದಲ್ಲಿ: ಜೋಡಿಯಲ್ಲಿ ಒಂದು ಗಂಟನ್ನು ಮುಖ್ಯವೆಂದೂ ಇನ್ನೊಂದನ್ನು ಅನುಗಾಮಿಯೆಂದೂ ಗೊತ್ತುಮಾಡಿ, ಅನುಗಾಮಿಯ ಸಮೀಕರಣವನ್ನು ಮುಖ್ಯದ ಸಮೀಕರಣಕ್ಕೆ ಕೂಡಿಸುತ್ತಾರೆ. ಅನುಗಾಮಿಯನ್ನು ಬರಿದೇ ಅಳಿಸಿಬಿಟ್ಟರೆ ಅದರ ಬದಿಯ ಕೋಶಗಳ ಪಾಲು ನಷ್ಟವಾಗುತ್ತದೆ. ಎಲ್ಲ ಗಡಿಗಳೂ ಆವರ್ತಕವಾಗಿದ್ದಾಗ ಇನ್ನೊಂದು ತೊಡಕುಂಟು. ಒತ್ತಡದಂಥ ಪರಿಮಾಣಕ್ಕೆ ಎಲ್ಲೆಡೆಯೂ ಒಂದೇ ಸಂಖ್ಯೆಯನ್ನು ಕೂಡಿಸಿದರೂ ಸಮೀಕರಣ ಸರಿಯಾಗಿಯೇ ಇರುವುದರಿಂದ ಉತ್ತರ ಒಂದೇ ಆಗಿರುವುದಿಲ್ಲ. ಸರಾಸರಿ ಸೊನ್ನೆ ಎಂದೋ ಒಂದು ಬಿಂದುವಿನಲ್ಲಿ ಇಂತಿಷ್ಟು ಎಂದೋ ಗೊತ್ತುಮಾಡಬೇಕು. ಜೊತೆಗೆ, ಪ್ರದೇಶದೊಳಗಿನ ಆಕರಗಳ ಮೊತ್ತ ಸೊನ್ನೆಯಾಗಿರಬೇಕು. ಹೊರಹೋಗಲು ದಾರಿಯೇ ಇಲ್ಲದ ಕಡೆ ನಿರಂತರವಾಗಿ ಶಾಖ ತುಂಬಿದರೆ ಸ್ಥಿರ ಸ್ಥಿತಿ ಎಂಬುದು ಬರುವುದಿಲ್ಲ.

ಹೊಂದದ ಜಾಲರಿಗಳು: ಜಟಿಲ ಆಕಾರಗಳಲ್ಲಿ ಎರಡು ಅಂಚುಗಳ ಜಾಲರಿ ಬೇರೆಬೇರೆಯಾಗಿರುವುದು ಅನಿವಾರ್ಯವಾಗಬಹುದು. ಆಗ ಒಂದು ಅಂಚಿನ ಮುಖವು ಎದುರಂಚಿನ ಯಾವ ಯಾವ ಮುಖಗಳ ಎಷ್ಟೆಷ್ಟು ವಿಸ್ತೀರ್ಣವನ್ನು ಆವರಿಸುತ್ತದೆ ಎಂದು ಕಂಡು, ಆ ಪಾಲಿನ ಪ್ರಕಾರ ಬೆಲೆಗಳನ್ನು ಹಂಚುತ್ತಾರೆ. ಎಲ್ಲ ಪಾಲುಗಳ ಮೊತ್ತ 1 ಆಗದಿದ್ದರೆ ಅಂಚಿನಲ್ಲಿ ದ್ರವ್ಯ ಸೋರುತ್ತದೆ.

ಹಲವು ಸಂಸ್ಕಾರಕಗಳಲ್ಲಿ: ದೊಡ್ಡ ಜಾಲರಿಯನ್ನು ತುಂಡುಗಳಾಗಿ ಮಾಡಿ ಹಲವು ಸಂಸ್ಕಾರಕಗಳಿಗೆ ಹಂಚುವಾಗ ಆವರ್ತಕ ಸಂಬಂಧವನ್ನು ಮೊದಲೇ ತಿಳಿಸಬೇಕು. ಇಲ್ಲವಾದರೆ ಎರಡು ಅಂಚುಗಳನ್ನು ದೂರದವೆಂದು ಭಾವಿಸಿ ಹಂಚಿಕೆ ನಡೆದು, ಅನಗತ್ಯವಾದ ಮಾಹಿತಿ ವಿನಿಮಯ ಹೆಚ್ಚುತ್ತದೆ. ಒಂದು ದಿಕ್ಕಿನಲ್ಲಿ ಒಂದೇ ಕೋಶವಿದ್ದರೆ ಅದು ತನಗೆ ತಾನೇ ನೆರೆ. ಎರಡೇ ಇದ್ದರೆ ಅವುಗಳ ನಡುವೆ ಎರಡು ಮುಖಗಳು. ಎರಡು ಕೋಶಗಳ ನಡುವೆ ಒಂದೇ ಮುಖ ಎಂದು ನಂಬಿ ಬರೆದ ಕ್ರಮವಿಧಿಗಳು ಇಲ್ಲಿ ಸೋಲುತ್ತವೆ.

ಒಂದು ಸರಳ ಲೆಕ್ಕ

ಬಳೆಯಾಕಾರದ ತಂತಿಯನ್ನು ನಾಲ್ಕು ಕೋಶಗಳಾಗಿ ಮಾಡಿ ಅವುಗಳ ಉಷ್ಣತೆ ಕ್ರಮವಾಗಿ 40, 20, 20, 20 ಡಿಗ್ರಿ ಎಂದಿಟ್ಟುಕೊಳ್ಳಬಹುದು. ಪ್ರತಿ ಹಂತದಲ್ಲೂ ಕೋಶವು ಪ್ರತಿ ನೆರೆಯೊಡನೆ ಇರುವ ವ್ಯತ್ಯಾಸದ ಕಾಲುಭಾಗವನ್ನು ವಿನಿಮಯ ಮಾಡಿಕೊಳ್ಳುತ್ತದೆ ಎಂಬುದು ನಿಯಮ. ಮೊದಲ ಕೋಶವು ಎರಡನೆಯದಕ್ಕೆ 5 ಮತ್ತು ನಾಲ್ಕನೆಯದಕ್ಕೆ 5 ಡಿಗ್ರಿ ಕೊಡುತ್ತದೆ. ಒಂದು ಹಂತದ ನಂತರ ಉಷ್ಣತೆಗಳು 30, 25, 20, 25. ಮೊತ್ತ ಮೊದಲೂ 100, ಈಗಲೂ 100.

ಜೋಡಣೆ ಒಂದೇ ಕಡೆಯಿಂದ ಆಗಿದ್ದರೆ, ಅಂದರೆ ನಾಲ್ಕನೆಯ ಕೋಶಕ್ಕೆ ಮೊದಲನೆಯದು ನೆರೆಯೆಂದು ತಿಳಿದಿದ್ದು ಮೊದಲನೆಯದಕ್ಕೆ ನಾಲ್ಕನೆಯದು ತಿಳಿಯದಿದ್ದರೆ, ಉಷ್ಣತೆಗಳು 35, 25, 20, 25 ಆಗುತ್ತವೆ. ಮೊತ್ತ 105. ಎಲ್ಲಿಂದಲೂ ಬಾರದ 5 ಡಿಗ್ರಿ ಸೇರಿಕೊಂಡಿತು. ಚಿತ್ರ ಬಿಡಿಸಿ ನೋಡಿದರೆ ಈ ಉತ್ತರವೂ ನಂಬುವಂತೆಯೇ ಕಾಣುತ್ತದೆ. ಮೊತ್ತವನ್ನು ನೋಡಿದಾಗ ಮಾತ್ರ ದೋಷ ಹೊರಬೀಳುತ್ತದೆ.

ಪರೀಕ್ಷೆಗಳು

ಮೇಲಿನ ಸಂರಕ್ಷಣೆಯ ಪರೀಕ್ಷೆಯಲ್ಲದೆ ಇನ್ನೂ ಕೆಲವು ಪರೀಕ್ಷೆಗಳು ರೂಢಿಯಲ್ಲಿವೆ.

ಮೊದಲನೆಯದು ಎಣಿಕೆಯ ಪರೀಕ್ಷೆ. ಅಡ್ಡಕ್ಕೆ 4, ಉದ್ದಕ್ಕೆ 3 ಕೋಶಗಳಿರುವ ಸಾಮಾನ್ಯ ಜಾಲರಿಯಲ್ಲಿ 20 ಗಂಟುಗಳು, 31 ಅಂಚುಗೆರೆಗಳು, 12 ಕೋಶಗಳು. ಗಂಟುಗಳಿಂದ ಅಂಚುಗೆರೆಗಳನ್ನು ಕಳೆದು ಕೋಶಗಳನ್ನು ಕೂಡಿದರೆ 1 ಬರುತ್ತದೆ. ಅದನ್ನೇ ಎರಡೂ ದಿಕ್ಕುಗಳಲ್ಲಿ ಬೆಸೆದರೆ 12 ಗಂಟುಗಳು, 24 ಅಂಚುಗೆರೆಗಳು, 12 ಕೋಶಗಳು ಉಳಿದು ಉತ್ತರ 0 ಆಗುತ್ತದೆ. ಉದ್ದಿನ ವಡೆಯ ಆಕಾರದ ಯಾವ ಮೇಲ್ಮೈಗಾದರೂ ಈ ಉತ್ತರ ಸೊನ್ನೆಯೇ. ಮೂಲೆಗಳ ಜೋಡಣೆ ತಪ್ಪಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಎರಡನೆಯದು ಸರಿಸುವ ಪರೀಕ್ಷೆ. ಆರಂಭದ ಸ್ಥಿತಿಯನ್ನು ಕೆಲವು ಕೋಶಗಳಷ್ಟು ಪಕ್ಕಕ್ಕೆ ಸರಿಸಿ ಲೆಕ್ಕ ಹಾಕಿದರೆ ಉತ್ತರವೂ ಅಷ್ಟೇ ಸರಿದಿರಬೇಕು. ಸಮಾನ ಕೋಶಗಳ ಆವರ್ತಕ ಪ್ರದೇಶದಲ್ಲಿ ಅಂಚು ಎಂಬುದು ಕೇವಲ ಹೆಸರಿಗೆ. ಉತ್ತರದಲ್ಲಿ ಅದರ ಗುರುತು ಕಾಣಬಾರದು. ಮೂರನೆಯದು ಸುತ್ತಿಬರುವ ಪರೀಕ್ಷೆ: ಅಲೆಯೊಂದನ್ನು ಒಂದು ಸುತ್ತು ಹರಿಯಬಿಟ್ಟು ಹೊರಟ ಜಾಗಕ್ಕೇ ಬಂದಾಗ ಅದರ ಆಕಾರವನ್ನು ಮೊದಲಿನದರೊಡನೆ ಹೋಲಿಸುವುದು.

ಮಿತಿಗಳು

ಆವರ್ತಕ ಗಡಿಯನ್ನು ಸರಿಯಾಗಿ ಹೆಣೆಯುವುದು ಒಂದು ಮಾತು. ಅದು ಅಲ್ಲಿ ಸಲ್ಲುತ್ತದೆಯೇ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಗೆ ಯಾವ ತಂತ್ರಾಂಶವೂ ಉತ್ತರ ಹೇಳುವುದಿಲ್ಲ.

ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿರುವ ಬನಶಂಕರಿ ದೇವಾಲಯದ ಹೊಂಡದ ಮೂರು ಬದಿಗಳಲ್ಲಿ ಕಲ್ಲಿನ ಕಂಬಗಳ ಮಂಟಪಸಾಲು ಇದೆ. ಇಂಥ ಸಾಲಿನೊಳಗೆ ಗಾಳಿ ಹೇಗೆ ಆಡುತ್ತದೆ ಎಂದು ತಿಳಿಯಬೇಕಾದರೆ, ಎರಡು ಕಂಬಗಳ ನಡುವಣ ಒಂದು ಅಂಕಣವನ್ನು ಆವರ್ತಕ ಗಡಿಗಳೊಡನೆ ಲೆಕ್ಕ ಹಾಕಬಹುದು. ಸಾಲಿನ ನಡುಭಾಗಕ್ಕೆ ಆ ಉತ್ತರ ಬಹುಮಟ್ಟಿಗೆ ಹೊಂದುತ್ತದೆ. ಸಾಲು ತಿರುಗುವ ಮೂಲೆಗೂ ಅದು ಮುಗಿಯುವ ತುದಿಗೂ ಹೊಂದುವುದಿಲ್ಲ. ಅಲ್ಲಿನ ಅಂಕಣದ ಎರಡು ಬದಿಗಳಲ್ಲಿ ಒಂದೇ ಬಗೆಯ ನೆರೆ ಇಲ್ಲ. ಬದಿಗಳೆರಡೂ ಸಮಾನವಾಗಿವೆಯೇ ಎಂಬುದೇ ಆವರ್ತಕ ಗಡಿಯ ಮೊದಲ ಕಟ್ಟಳೆ.

ಈ ಕಟ್ಟಳೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಮಳೆಯ ಲೆಕ್ಕ ಒಳ್ಳೆಯ ನಿದರ್ಶನ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದಿಂದ ತೇವವನ್ನು ಹೊತ್ತು ತಂದು ಪಶ್ಚಿಮ ಘಟ್ಟಗಳಲ್ಲಿ ಸುರಿಸಿ, ಘಟ್ಟದ ಮರೆಯಲ್ಲಿರುವ ಬಾಗಲಕೋಟೆ ಜಿಲ್ಲೆಗೆ ಬರುವ ಹೊತ್ತಿಗೆ ಒಣಗಿರುತ್ತದೆ. ಕರ್ನಾಟಕವನ್ನಷ್ಟೇ ಒಳಗೊಂಡ ಪೆಟ್ಟಿಗೆಯ ಪೂರ್ವ-ಪಶ್ಚಿಮ ಅಂಚುಗಳನ್ನು ಬೆಸೆದರೆ, ಪೂರ್ವದಲ್ಲಿ ಹೊರಬಿದ್ದ ಒಣಗಾಳಿ ಕರಾವಳಿಯಿಂದ ಒಳಬರುತ್ತದೆ. ಸಮುದ್ರದಿಂದ ಬರಬೇಕಾದ ತೇವದ ಪೂರೈಕೆಯೇ ನಿಂತು, ಸುತ್ತಿದ ಗಾಳಿಯೇ ಸುತ್ತುತ್ತಿರುತ್ತದೆ. ಆದ್ದರಿಂದ ಪ್ರಾದೇಶಿಕ ಹವಾಮಾನ ಮಾದರಿಗಳು ಅಂಚಿನ ಬೆಲೆಗಳನ್ನು ಇಡೀ ಭೂಮಂಡಲದ ಮಾದರಿಯಿಂದ ಪಡೆಯುತ್ತವೆ. ಬಿತ್ತನೆಯ ದಿನ ನಿಶ್ಚಯಿಸುವ ರೈತನಿಗೆ ಇದು ಜೀವನದ ಪ್ರಶ್ನೆ.

ಪೆಟ್ಟಿಗೆಯ ಅಳತೆಯೂ ಮುಖ್ಯ. ಆವರ್ತಕ ಪೆಟ್ಟಿಗೆಯೊಳಗೆ ಅದರ ಉದ್ದಕ್ಕಿಂತ ದೊಡ್ಡ ಅಲೆ ಹಿಡಿಸದು. ಪೂರ್ಣ ಉದ್ದ, ಅದರ ಅರ್ಧ, ಮೂರನೆಯ ಒಂದು ಭಾಗ ಎಂಬ ಅಲೆಗಳಿಗಷ್ಟೇ ಅವಕಾಶ. ಪೆಟ್ಟಿಗೆ ಚಿಕ್ಕದಾದರೆ ಸುಳಿಯೊಂದು ತನ್ನ ಬಾಲವನ್ನು ತಾನೇ ಹಿಂಬಾಲಿಸತೊಡಗುತ್ತದೆ. 1991ರಲ್ಲಿ ಹಾವಿಯರ್ ಹಿಮೆನೆಜ್ ಮತ್ತು ಪರ್ವೀಜ್ ಮೊಯಿನ್ ಆವರ್ತಕ ಪೆಟ್ಟಿಗೆಯನ್ನು ಕಿರಿದು ಮಾಡುತ್ತ ಹೋಗಿ, ಒಂದು ಅಳತೆಗಿಂತ ಕೆಳಗೆ ಪ್ರಕ್ಷುಬ್ಧತೆಯೇ ಉಳಿಯದೆಂದು ತೋರಿಸಿದರು. ಸಾಮಾನ್ಯವಾಗಿ, ಅರ್ಧ ಪೆಟ್ಟಿಗೆಯಷ್ಟು ದೂರದ ಎರಡು ಬಿಂದುಗಳ ಏರಿಳಿತಗಳ ನಡುವೆ ಸಂಬಂಧ ಉಳಿದಿರಬಾರದು. ಉಳಿದಿದ್ದರೆ ಪೆಟ್ಟಿಗೆಯನ್ನು ಹಿಗ್ಗಿಸಬೇಕು. ಅಣುಚಲನ ಲೆಕ್ಕಗಳಲ್ಲಿ ಅಣುವೊಂದು ತನ್ನ ಪ್ರತಿಬಿಂಬವನ್ನೇ ಆಕರ್ಷಿಸದಂತೆ, ಸಮೀಪದ ಬಲಗಳನ್ನು ಅರ್ಧ ಪೆಟ್ಟಿಗೆಗಿಂತ ಕಡಿಮೆ ದೂರದವರೆಗೆ ಮಾತ್ರ ಎಣಿಸುವುದು ನಿಯಮ.

ಗಾಳಿಯಂತ್ರಗಳ ಸಮೂಹಗಳ ಅಧ್ಯಯನದಲ್ಲೂ ಇದೇ ವಿವೇಕ ಬೇಕು. ಕೆಲವೇ ಯಂತ್ರಗಳನ್ನು ಆವರ್ತಕ ಪೆಟ್ಟಿಗೆಯಲ್ಲಿಟ್ಟರೆ ಕೊನೆಯಿಲ್ಲದ ಸಮೂಹದ ಲೆಕ್ಕ ಸಿಗುತ್ತದೆ. ಪ್ರತಿ ಯಂತ್ರವೂ ಇನ್ನೊಂದರ ಮರೆಯಲ್ಲಿರುತ್ತದೆ. ಗದಗ, ಚಿತ್ರದುರ್ಗ ಜಿಲ್ಲೆಗಳ ಗುಡ್ಡಸಾಲಿನ ಮೇಲೆ ಒಂದೇ ಸಾಲಾಗಿ ನಿಂತ ಯಂತ್ರಗಳಿಗೆ ಆ ಉತ್ತರವನ್ನು ಹಾಗೆಯೇ ಅನ್ವಯಿಸಿದರೆ ವಿದ್ಯುತ್ತಿನ ಅಂದಾಜು ತಪ್ಪುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. ಸಂಸ್ಥೆಯ ಈಗಿನ ಹೆಸರು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್. ಆಗ ರೊದ್ದಂ ನರಸಿಂಹ ಅದರ ನಿರ್ದೇಶಕರಾಗಿದ್ದರು, ಯೋಜನೆಯನ್ನು ಯು. ಎನ್. ಸಿನ್ಹಾ ಮುನ್ನಡೆಸಿದರು. ದ್ರವಚಲನದ ಸಮೀಕರಣಗಳನ್ನು ಬಿಡಿಸಲೆಂದೇ ಹುಟ್ಟಿದ ಈ ಯಂತ್ರದ ಮುಂದಿನ ಆವೃತ್ತಿಗಳಲ್ಲಿ ಭೂಮಂಡಲದ ಹವಾಮಾನ ಮಾದರಿಗಳನ್ನು ಓಡಿಸಲಾಯಿತು. ಅಲ್ಲಿ ರೂಪುಗೊಂಡ ಮಾದರಿಗೆ ವರ್ಷ ಎಂದು ಹೆಸರು.

ಭೂಮಂಡಲದ ಮಾದರಿಯಲ್ಲಿ ರೇಖಾಂಶವು ಸಹಜವಾಗಿಯೇ ಆವರ್ತಕ: 360 ಡಿಗ್ರಿ ಮತ್ತು 0 ಡಿಗ್ರಿ ಒಂದೇ ರೇಖೆ. ಇದು ಅನುಕೂಲಕ್ಕೆ ಮಾಡಿಕೊಂಡ ಊಹೆಯಲ್ಲ, ಭೂಮಿಯ ಆಕಾರವೇ ಹಾಗಿದೆ. ಈ ಕಾರಣದಿಂದ ಪೂರ್ವ-ಪಶ್ಚಿಮ ದಿಕ್ಕಿನಲ್ಲಿ ವಾಯುವಿನ ಸ್ಥಿತಿಯನ್ನು ಅಲೆಗಳ ಮೊತ್ತವಾಗಿ ಬರೆಯಬಹುದು. ಅಕ್ಷಾಂಶಕ್ಕೆ ಈ ಗುಣವಿಲ್ಲ. ಉತ್ತರ ಧ್ರುವವನ್ನು ದಾಟಿದ ಗಾಳಿ ದಕ್ಷಿಣ ಧ್ರುವದಲ್ಲಿ ಕಾಣಿಸಿಕೊಳ್ಳುವುದಿಲ್ಲ. 180 ಡಿಗ್ರಿ ಆಚೆಯ ರೇಖಾಂಶದಲ್ಲಿ ಕೆಳಗಿಳಿಯುತ್ತದೆ. ಧ್ರುವಗಳ ನಿರ್ವಹಣೆ ಆದ್ದರಿಂದ ಬೇರೆಯೇ ಆಗಿರುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ರಾಹುಲ್ ಪಂಡಿತ್ ಮತ್ತು ಅವರ ಸಂಗಡಿಗರು ಆವರ್ತಕ ಘನಾಕೃತಿಗಳಲ್ಲಿ ಪ್ರಕ್ಷುಬ್ಧ ಹರಿವಿನ ಅನುಕರಣೆಗಳನ್ನು ನಡೆಸಿದ್ದಾರೆ. ಅದೇ ಸಂಸ್ಥೆಯಲ್ಲಿ 2015ರಲ್ಲಿ ಸಹಸ್ರಟಿ ಎಂಬ ಮಹಾಗಣಕವೂ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೂ ಕಾರ್ಯಾರಂಭ ಮಾಡಿದವು. ಕಾವೇರಿ ಜೆಟ್ ಎಂಜಿನನ್ನು ರೂಪಿಸಿದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಇರುವುದೂ ಬೆಂಗಳೂರಿನಲ್ಲೇ. ಇಂಥ ಎಂಜಿನುಗಳ ಅಲಗುಗಳ ನಡುವಣ ಹರಿವಿನ ಲೆಕ್ಕಕ್ಕೆ ಸುತ್ತು ಆವರ್ತನವು ಸಾಮಾನ್ಯ ಸಾಧನ.

ತಂತ್ರಾಂಶಗಳಲ್ಲಿ

ಜಾಲರಿ ಹೆಣೆಯುವ ಮುಕ್ತ ತಂತ್ರಾಂಶವಾದ ಜೀಮೆಶ್‌ನಲ್ಲಿ ಒಂದು ಗೆರೆ ಅಥವಾ ಮೇಲ್ಮೈಯನ್ನು ಇನ್ನೊಂದರ ಆವರ್ತಕ ಪ್ರತಿ ಎಂದು ಘೋಷಿಸಬಹುದು. ಆಗ ಅಂಚಿನ ಜಾಲರಿಯನ್ನು ಅದೇ ನಕಲು ಮಾಡುತ್ತದೆ. ದ್ರವಚಲನದ ಮುಕ್ತ ತಂತ್ರಾಂಶ ಓಪನ್‌ಫೋಮ್‌ನಲ್ಲಿ ಹೊಂದುವ ಜಾಲರಿಗಳಿಗೆ ಸೈಕ್ಲಿಕ್ ಎಂಬ ಗಡಿಯೂ ಹೊಂದದ ಜಾಲರಿಗಳಿಗೆ ಸೈಕ್ಲಿಕ್ ಎಎಂಐ ಎಂಬ ಗಡಿಯೂ ಇವೆ. ಜಾಲರಿಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಸಿಜಿಎನ್‌ಎಸ್ ಕಡತ ಕ್ರಮದಲ್ಲಿ ಆವರ್ತಕ ಸಂಬಂಧದ ಜೊತೆಗೆ ಸರಿಸುವ ದೂರ ಮತ್ತು ತಿರುಗಿಸುವ ಕೋನಗಳನ್ನೂ ದಾಖಲಿಸಲು ಅವಕಾಶವಿದೆ. ಅಣುಚಲನದ ಗ್ರೋಮ್ಯಾಕ್ಸ್ ತಂತ್ರಾಂಶವು ಘನಾಕೃತಿಯಲ್ಲದೆ ಹನ್ನೆರಡು ಮುಖಗಳ ವಜ್ರಾಕೃತಿ ಪೆಟ್ಟಿಗೆಯನ್ನೂ ಒಪ್ಪುತ್ತದೆ. ಪ್ರತಿಬಿಂಬಗಳ ನಡುವೆ ಅಷ್ಟೇ ಅಂತರವಿದ್ದರೂ ಅದರ ಗಾತ್ರ ಘನದ ಸುಮಾರು 71 ಶೇಕಡಾ ಮಾತ್ರ. ಪ್ರೋಟೀನಿನ ಸುತ್ತ ತುಂಬಬೇಕಾದ ನೀರಿನ ಅಣುಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ.